ಹೌಹಾರಿಕೆಯಲ್ಲಿರುವ ಪೌಷ್ಟಿಕಾಂಶಗಳು

ಮೊಲೋಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುವ ಗಳಿಗೆಯಲ್ಲಿ ಅಡುಗೆ ಮಾಡುವವಳು ಹೌಹಾರದಿದ್ದರೆ ಸಾರಿಗೆ ರುಚಿ ಹತ್ತುವುದಿಲ್ಲ ಎಂಬುದು ಜಗಾಜಿಗ್ ಪಟ್ಟಣದಲ್ಲಿ ನಿರ್ವಿವಾದವಾಗಿ ಸ್ಥಾಪಿತವಾದ ಸಂಗತಿ. ಹೌಹಾರುವುದೆಂದರೆ ಸುಮ್ಮನೆ ಬಾಯಿ ತೆರೆಯುವುದಲ್ಲ. ಒಂದು ಕೈ ಎದೆಯ ಮೇಲಿರಬೇಕು, ಕಣ್ಣು ಅಗಲವಾಗಬೇಕು, ಬೆಳ್ಳುಳ್ಳಿ ಚೊಂಯ್ ಎಂದು ಪಾತ್ರೆಗೆ ಬೀಳುವುದಕ್ಕೂ ಅವಳು ‘ಹ್ಹಾ!’ ಎಂದು ಹೊಟ್ಟೆಯ ತಳದವರೆಗೆ ಉಸಿರೆಳೆದುಕೊಳ್ಳುವುದಕ್ಕೂ ಸರಿಹೋಗಬೇಕು. ಸೊಸೆಯಂದಿರು ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅತ್ತೆಯಿಂದ ಇದನ್ನು ಕಲಿಯುತ್ತಾರೆ. ಯಾಕೆ ಎಂದು ಕೇಳಿದ ಸೊಸೆಯ ಬಗ್ಗೆ ಮಾಹಿತಿ ಲಭ್ಯವಿಲ್ಲ.

ಈ ಸಂಗತಿ ಸರ್ಕಾರದ ಗಮನಕ್ಕೆ ಬಂದದ್ದು ತಡವಾಗಿ. ಬಂದ ಮೇಲೆ ಮಾತ್ರ ತಡವಾಗಲಿಲ್ಲ.

ಮಾಂಸದ ಬೆಲೆ ಕೈಗೆ ಸಿಗದಷ್ಟು ಮೇಲೆ ಹೋದ ಚಳಿಗಾಲದಲ್ಲಿ, ಪ್ರಾಂತೀಯ ಮಿತವ್ಯಯ ಪೋಷಣಾ ನಿರ್ದೇಶನಾಲಯವು ಓಣಿ ಓಣಿಯ ಗೋಡೆಗಳಿಗೆ ಒಂದು ಪ್ರಕಟಣೆಯನ್ನು ಅಂಟಿಸಿತು. ‘ಕಡಿಮೆ ಖರ್ಚು, ಗಟ್ಟಿ ಮೈ’ ಅಭಿಯಾನದ ಅಂಗವಾಗಿ ಗೃಹಿಣಿಯರಿಗೆ ಅಡುಗೆ ಸ್ಪರ್ಧೆ. ಮಾಂಸದ ನೆರವಿಲ್ಲದೆ, ಎಲ್ಲರಿಗಿಂತ ಕಡಿಮೆ ವೆಚ್ಚದಲ್ಲಿ, ಎಲ್ಲರಿಗಿಂತ ಪೌಷ್ಟಿಕವಾದ ಊಟವನ್ನು ಸಿದ್ಧಪಡಿಸುವ ಮಹಿಳೆಗೆ ಬಹುಮಾನ: ವರ್ಷಪೂರ್ತಿ, ವಾರಕ್ಕೊಂದು ಕಿಲೋ ಎಳೆಯ ಮಾಂಸ.

ಇನ್ಶಿರಾ ಈ ಪ್ರಕಟಣೆಯನ್ನು ನಿಂತು ಓದಿದಳು, ಹೋದಳು, ತಿರುಗಿ ಬಂದು ಕೊನೆಯ ಸಾಲನ್ನು ಇನ್ನೊಮ್ಮೆ ಓದಿದಳು.

ಅವಳ ಮಗಳು ನಗ್ಲಾ ತುಂಬಿದ ಬಸುರಿ, ಹೆರಿಗೆಗೆಂದು ತಾಯಿಯ ಮನೆಗೆ ಬಂದಿದ್ದಳು. ಕ್ಲಿನಿಕ್ಕಿನ ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನೋಡಿ, “ರಕ್ತವೇ ಇಲ್ಲವಲ್ಲ ಇವಳಲ್ಲಿ. ಮಾಂಸ ತಿನ್ನಿಸಿ, ಲಿವರ್ ತಿನ್ನಿಸಿ. ಹೆರಿಗೇಲಿ ಕಷ್ಟ ಆಗುತ್ತೆ,” ಎಂದಿದ್ದರು.

“ಅದನ್ನ ಚೀಟಿಲಿ ಬರೆದುಕೊಟ್ರೆ ಔಷಧಿ ಅಂಗಡಿಲಿ ಸಿಗುತ್ತಾ ಡಾಕ್ಟ್ರೇ?” ಎಂದು ಇನ್ಶಿರಾ ಕೇಳಿದಳು. ಅವಳು ತಮಾಷೆಗೆ ಕೇಳಿರಲಿಲ್ಲ.

ಚೀಟಿಯಿಲ್ಲದೆ ಆಗುವುದನ್ನೆಲ್ಲ ಅವಳು ಮಾಡುತ್ತಲೇ ಇದ್ದಳು. ಸಂತೆ ಮುಗಿಯುವ ಹೊತ್ತಿಗೆ ಹೋಗಿ ಒಡೆದ ಟೊಮ್ಯಾಟೊ, ಬಾಡಿದ ಪಾಲಕ್ ತರುವಳು. ಫೂಲ್ ಎಂಬ ದಪ್ಪ ಅವರೆಯಂಥ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವಳು. ಬೇಳೆ ಸಾರಿಗೆ ನಿಂಬೆ ಹಿಂಡುವಳು. ಬೆಳಗ್ಗೆ ರೊಟ್ಟಿಗೆ ಎಳ್ಳಿನ ಗೊಜ್ಜು, ಕಬ್ಬಿನ ಕಾಕಂಬಿ ಸವರಿ ಮಗಳ ಬಾಯಿಗಿಡುವಳು.

“ಅಮ್ಮ, ಇನ್ನೊಂದು ತಟ್ಟೆ ಮೊಳಕೆ ಕಾಳು ತಿಂದ್ರೆ ನನ್ನ ಕಿವೀಲಿ ಎಲೆ ಬಿಡುತ್ತೆ,” ಎನ್ನುತ್ತಿದ್ದಳು ನಗ್ಲಾ. ಅಷ್ಟು ಹೇಳುವುದರಲ್ಲಿ ಅವಳಿಗೆ ಸುಸ್ತಾಗುತ್ತಿತ್ತು.

ಸ್ಪರ್ಧೆ ನಿರ್ದೇಶನಾಲಯದ ಮೂರನೆಯ ಮಹಡಿಯಲ್ಲಿ ನಡೆಯಿತು. ಕಟ್ಟಡದ ಲಿಫ್ಟು ಉದ್ಘಾಟನೆಯ ದಿನ ಮೇಲೆ ಹೋದದ್ದು, ಕೆಳಗೆ ಬರಲು ಆದೇಶಕ್ಕಾಗಿ ಕಾಯುತ್ತಿತ್ತು. ಹೆಂಗಸರು ಪಾತ್ರೆ, ಸ್ಟೌ ಹೊತ್ತು ಮೆಟ್ಟಿಲು ಹತ್ತಿದರು. ಹಸಿದ ಹೊಟ್ಟೆಯಲ್ಲಿ ತೀರ್ಪು ಕೊಟ್ಟರೆ ಪಕ್ಷಪಾತವಾಗುತ್ತದೆಂದು ತೀರ್ಪುಗಾರರ ಸಮಿತಿಯು ಮೊದಲೇ ಕಬಾಬ್ ತರಿಸಿ ಸೇವಿಸಿತ್ತು. ನಿರ್ದೇಶಕರಾದ ಡಾಕ್ಟರ್ ಶವ್ಕತ್ ನಡುವೆ ಕೂತಿದ್ದರು. ಅವರ ಪಕ್ಕದಲ್ಲಿ ಕಾಗದ, ಪೆನ್ನು ಮತ್ತು ಹಲ್ಲುಕಡ್ಡಿಯೊಂದಿಗೆ ಪರಿವೀಕ್ಷಕ ಬಯೂಮಿ ಇದ್ದರು.

ಇನ್ಶಿರಾ ಮೊಲೋಖಿಯಾ ಮಾಡಿದಳು. ಒಗ್ಗರಣೆ ಸುರಿಯುವಾಗ ಅವಳು ಹೌಹಾರಿದ ರಭಸಕ್ಕೆ ಸಮಿತಿಯ ಇಬ್ಬರು ಎದ್ದು ನಿಂತರು. ಸಾರು ತುಟಿಗೆ ತಾಗಿದ ಮೇಲೆ ಕೂತರು.

“ಉಮ್ ನಗ್ಲಾ, ಇದಕ್ಕೆ ಏನೇನು ಹಾಕಿದ್ದೀಯಮ್ಮ?” ಎಂದರು ಬಯೂಮಿ, ಊರಿನ ರೂಢಿಯಂತೆ ಮಗಳ ಹೆಸರು ಹಿಡಿದು ತಾಯಿಯನ್ನು ಕರೆದು.

“ಸೊಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಉಪ್ಪು, ನೀರು. ಅಷ್ಟೇ ಉಸ್ತಾಜ್.”

“ಮೂಳೆ?”

“ಇಲ್ಲ.”

“ಕೋಳಿ ಬೇಯಿಸಿದ ನೀರು?”

“ಅದಕ್ಕೆ ಮೊದಲು ಕೋಳಿ ಬೇಕಲ್ವಾ ಉಸ್ತಾಜ್?”

“ಹಾಗಾದ್ರೆ ಈ ರುಚಿ ಎಲ್ಲಿಂದ ಬಂತು?”

ಪಕ್ಕದ ಸ್ಟೌವಿನ ಹಿಂದೆ ನಿಂತಿದ್ದ ತಹಿಯ್ಯಾ, ಇನ್ಶಿರಾಳ ಎದುರು ಮನೆಯವಳು, ತನ್ನ ಬೇಳೆ ಸಾರನ್ನು ಯಾರೂ ಮುಟ್ಟದ ಸಿಟ್ಟಿನಲ್ಲಿದ್ದಳು. “ಹೌಹಾರಿದ್ಳಲ್ಲ, ಕೇಳಿಸ್ಲಿಲ್ವಾ? ರುಚಿ ಅದರಿಂದಲೇ ಬರೋದು. ಇವಳು ಹೌಹಾರೋದು ನಮ್ಮ ಓಣಿಯ ಕೊನೇ ಮನೆಗೂ ಕೇಳುತ್ತೆ. ಪಾಪ, ಇವಳ ಗಂಡ ಹೋಗಿದ್ದೇ ಅದಕ್ಕೆ ಅಂತಾರೆ.”

“ನಿನ್ನ ಗಂಡ ಇನ್ನೂ ಇದ್ದಾನಲ್ಲ, ನೀನು ಅಡುಗೆ ಮಾಡ್ತೀಯ ಅಂತ ಅವನಿಗೆ ಯಾರೂ ಹೇಳಿಲ್ಲ ಅನ್ಸುತ್ತೆ,” ಎಂದಳು ಇನ್ಶಿರಾ.

ನಿರ್ದೇಶಕರು ಕೈ ಎತ್ತಿ ಸುಮ್ಮನಾಗಿಸಿದರು. ಅವರ ಮುಖದಲ್ಲಿ ವಿಜ್ಞಾನ ಕಾಣಿಸಿಕೊಂಡಿತ್ತು. ಅದೇ ಸಾರನ್ನು ಹೌಹಾರದೆ ಇನ್ನೊಮ್ಮೆ ಮಾಡುವಂತೆ ಅಪ್ಪಣೆಯಾಯಿತು. ಇನ್ಶಿರಾ ತುಟಿ ಬಿಗಿಹಿಡಿದು ಮಾಡಿದಳು. ಸಮಿತಿ ಚಪ್ಪರಿಸಿ ನೋಡಿತು. ಸಪ್ಪೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಪ್ಪು ಅದೇ, ಬೆಳ್ಳುಳ್ಳಿ ಅದೇ, ಪಾತ್ರೆ ಅದೇ. ಬಿಟ್ಟುಹೋದದ್ದು ಹೌಹಾರಿಕೆಯೊಂದೇ.

ಗಾಬರಿಯಲ್ಲಿ ಎರಡನೆಯ ಸಲ ಉಪ್ಪು ಹಾಕುವುದನ್ನೇ ಮರೆತಿದ್ದೇನೆಂದು ಇನ್ಶಿರಾಗೆ ಅಷ್ಟರಲ್ಲಿ ಹೊಳೆಯಿತು. ಹೇಳಲೆಂದು ಕೈ ಎತ್ತಿದಳು. ಅದೇ ಕ್ಷಣಕ್ಕೆ ನಿರ್ದೇಶಕರು, ಗೆದ್ದವಳು ಇವಳೇ ಎಂದು ಸಾರಿದರು. ವಾರಕ್ಕೊಂದು ಕಿಲೋ ಮಾಂಸ. ಎತ್ತಿದ ಕೈಯನ್ನು ಇನ್ಶಿರಾ ತಲೆವಸ್ತ್ರ ಸರಿಮಾಡಿಕೊಳ್ಳಲು ಬಳಸಿದಳು.

ಬಹುಮಾನ ವಿತರಣೆಯ ದಿನ ಅವಳು ಚೀಲ ತೆಗೆದುಕೊಂಡೇ ಹೋದಳು. ವೇದಿಕೆಯ ಮೇಲೆ ಅವಳಿಗೆ ಕಟ್ಟು ಹಾಕಿಸಿದ ಪ್ರಮಾಣಪತ್ರವನ್ನೂ ‘ಪ್ರಾಂತದ ಆದರ್ಶ ಗೃಹಿಣಿ’ ಎಂಬ ಬಿರುದನ್ನೂ ಕೊಡಲಾಯಿತು. ಚಪ್ಪಾಳೆಯಾಯಿತು. ಇನ್ಶಿರಾ ಚೀಲದ ಬಾಯಿ ಅಗಲಿಸಿಕೊಂಡು ಅಲ್ಲೇ ನಿಂತಳು.

“ಮಾಂಸ, ಉಸ್ತಾಜ್?”

“ನೋಡು ಉಮ್ ನಗ್ಲಾ,” ಬಯೂಮಿ ಮೃದುವಾಗಿ ಹೇಳಿದರು, “ಮಾಂಸ ಬೇಕಾಗಿಲ್ಲ ಅಂತ ಇಡೀ ಪ್ರಾಂತಕ್ಕೆ ತೋರಿಸಿಕೊಟ್ಟವಳು ನೀನು. ನಿನಗೇ ಮಾಂಸ ಕೊಟ್ರೆ ನಿನಗೆ ಅವಮಾನ ಮಾಡಿದ ಹಾಗಲ್ವಾ? ಸಮಿತಿ ಅದಕ್ಕೆ ಒಪ್ಪಲಿಲ್ಲ.”

“ನಾನು ಬೇಜಾರು ಮಾಡ್ಕೊಳ್ಳಲ್ಲ ಉಸ್ತಾಜ್. ಎಷ್ಟು ಬೇಕಾದ್ರೂ ಅವಮಾನ ಮಾಡಿ.”

“ನೀನು ದೊಡ್ಡ ಮನಸ್ಸಿನವಳು. ಆದ್ರೆ ಇಲಾಖೆಗೂ ಮರ್ಯಾದೆ ಇದೆ.”

ಮಂಜೂರಾಗಿದ್ದ ಮಾಂಸ ಕೆಟ್ಟುಹೋಗಬಾರದೆಂಬ ಒಂದೇ ಕಾರಣಕ್ಕೆ ಸಮಿತಿಯ ಸದಸ್ಯರು ಅದನ್ನು ವಾರವಾರವೂ ತಮ್ಮ ತಮ್ಮ ಮನೆಗೆ ಒಯ್ದು, ಯಾವ ಅವಮಾನವನ್ನೂ ಲೆಕ್ಕಿಸದೆ ತಿಂದರು.

ಅಷ್ಟರಲ್ಲೇ ಸುತ್ತೋಲೆಯೂ ಹೊರಬಿತ್ತು. ಅದರ ಮುಖ್ಯಾಂಶಗಳು ಹೀಗಿದ್ದವು. ಇನ್ನು ಮುಂದೆ ಹೌಹಾರಿಕೆಯನ್ನು ಆಹಾರ ಪದಾರ್ಥವೆಂದು ಪರಿಗಣಿಸತಕ್ಕದ್ದು. ಎದೆ ಏರಿ, ಕಣ್ಣು ಅಗಲವಾದ ಪೂರ್ಣ ಹೌಹಾರಿಕೆಯು ಕಾಲು ಕಿಲೋ ಮಾಂಸಕ್ಕೆ ಸಮ; ಬಾಯಿ ಮಾತ್ರ ತೆರೆದಿದ್ದಲ್ಲಿ ಒಂದು ಮೊಟ್ಟೆಗೆ ಸಮ. ಆಕಳಿಕೆ, ಬಿಕ್ಕಳಿಕೆ, ನಿಟ್ಟುಸಿರುಗಳನ್ನು ಹೌಹಾರಿಕೆಯೆಂದು ತೋರಿಸುವುದು ಕಲಬೆರಕೆಯಾಗುತ್ತದೆ. ರೇಷನ್ ಕಾರ್ಡಿನ ಮೇಲೆ ಕೊಡುತ್ತಿದ್ದ ಕೋಳಿಯು ಈಗ ಅನಾವಶ್ಯಕವಾದ್ದರಿಂದ ಅದನ್ನು ಹಿಂಪಡೆಯಲಾಗಿದೆ. ಹೌಹಾರಲು ದೇಹದಲ್ಲಿ ತ್ರಾಣವಿಲ್ಲದವರು ನಿರ್ದೇಶನಾಲಯಕ್ಕೆ ಖುದ್ದಾಗಿ ಹಾಜರಾಗಿ ತಮ್ಮ ಅಶಕ್ತತೆಯನ್ನು ರುಜುವಾತುಪಡಿಸಿದಲ್ಲಿ ಮಾಂಸಕ್ಕೆ ಅರ್ಹರು.

ಕೋಳಿ ಹೋದದ್ದಕ್ಕೆ ಓಣಿಯಲ್ಲಿ ಗಲಾಟೆಯಾಗಬಹುದೆಂದು ಇನ್ಶಿರಾ ಹೆದರಿದ್ದಳು. ಆಗಲಿಲ್ಲ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದು ಸರ್ಕಾರಕ್ಕೆ ಈಗ ಗೊತ್ತಾಯಿತು ಎಂದು ಜನ ಹೆಮ್ಮೆಪಟ್ಟರು. ಕಾಫಿಖಾನೆಯ ಗಂಡಸರು ಹೌಹಾರುವುದನ್ನು ಅಭ್ಯಾಸ ಮಾಡತೊಡಗಿದರು. ತಹಿಯ್ಯಾ ತನ್ನ ಗಂಡನಿಗೆ ರಾತ್ರಿಯೂಟಕ್ಕೆ ಬರೀ ಒಂದು ಮೊಟ್ಟೆಯಷ್ಟು ಹೌಹಾರಿ, ಉಳಿದದ್ದನ್ನು ಶುಕ್ರವಾರಕ್ಕೆ ಎತ್ತಿಟ್ಟಳು.

ಇನ್ಶಿರಾಳ ಕಣ್ಣು ಮಾತ್ರ ಸುತ್ತೋಲೆಯ ಕೊನೆಯ ಸಾಲಿನ ಮೇಲಿತ್ತು. ಹೌಹಾರಲು ತ್ರಾಣವಿಲ್ಲದವರು. ಅವಳ ಮನೆಯಲ್ಲಿ ಅಂಥವಳೊಬ್ಬಳು ದಿಂಬಿಗೊರಗಿ ಮಲಗಿದ್ದಳು. ಮರುದಿನವೇ ಮಗಳ ತೋಳು ಹಿಡಿದುಕೊಂಡು ನಿರ್ದೇಶನಾಲಯಕ್ಕೆ ಹೊರಟಳು.

“ಅಲ್ಲಿ ಬಾಯಿ ಬಿಡಬೇಡ. ಏನು ತೋರಿಸಿದ್ರೂ, ಏನು ಹೇಳಿದ್ರೂ, ಸುಮ್ಮನೆ ಮೂಗಲ್ಲಿ ಉಸಿರಾಡು,” ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಳು.

“ಮೂಗಲ್ಲಾದ್ರೂ ಬಿಟ್ಟಿದ್ದಾರಲ್ಲ ಸದ್ಯ,” ಎಂದಳು ನಗ್ಲಾ.

ಲಿಫ್ಟಿಗೆ ಇನ್ನೂ ಆದೇಶ ಬಂದಿರಲಿಲ್ಲ. ಮೊದಲ ಮಹಡಿಗೆ ನಗ್ಲಾ ಕೂತಳು. ಎರಡನೆಯದಕ್ಕೆ ಗೋಡೆ ಹಿಡಿದಳು. ಮೂರನೆಯದರ ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟವಳೇ ಕಂಬಿಗೆ ಜೋತುಬಿದ್ದು, ಎದೆಯ ಮೇಲೆ ಕೈಯಿಟ್ಟು, ಕಣ್ಣು ಅಗಲಿಸಿ, “ಹ್ಹಾ!” ಎಂದಳು.

ಬಾಗಿಲಲ್ಲೇ ಕೂತಿದ್ದ ಬಯೂಮಿ ತಲೆಯೆತ್ತಿದರು.

“ಭಲೇ! ತಾಯಿಗೆ ತಕ್ಕ ಮಗಳು. ಪೂರ್ಣ ದರ್ಜೆ.”

“ಅಯ್ಯೋ ಉಸ್ತಾಜ್, ಅವಳು ಹೌಹಾರಿದ್ದಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಂತು ಅಷ್ಟೇ. ರಕ್ತ ಇಲ್ಲ ಅವಳ ಮೈಯಲ್ಲಿ!”

“ಎದೆ ಮೇಲೆ ಕೈ ಇತ್ತು, ಕಣ್ಣು ಅಗಲ ಆಯ್ತು. ನಾನೇ ಕಣ್ಣಾರೆ ನೋಡಿದ್ದೀನಿ. ಇಲ್ಲ ಅಂತ ಬರೆಯೋಕೆ ನನ್ನ ಮನಸ್ಸಾಕ್ಷಿ ಒಪ್ಪಲ್ಲಮ್ಮ.”

ಈವರೆಗೆ ಮೂರನೆಯ ಮಹಡಿಗೆ ಹತ್ತಿಬಂದ ಒಬ್ಬರೂ ಅಶಕ್ತರೆಂದು ಕಂಡುಬಂದಿಲ್ಲ, ಪ್ರಾಂತದ ಆರೋಗ್ಯ ಅಷ್ಟು ಚೆನ್ನಾಗಿದೆ ಎಂದು ಅವರು ಸಂತೋಷದಿಂದ ತಿಳಿಸಿದರು.

ಆಗ ಇನ್ಶಿರಾ ಮಗಳನ್ನು ಬೆಂಚಿನ ಮೇಲೆ ಕೂರಿಸಿ, ಮೇಜಿನ ಹತ್ತಿರ ಬಾಗಿ, ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಿಬಿಟ್ಟಳು. “ಉಸ್ತಾಜ್, ಅವತ್ತು ಎರಡನೇ ಪಾತ್ರೆಗೆ ನಾನು ಉಪ್ಪು ಹಾಕಿರಲಿಲ್ಲ. ಮರೆತುಬಿಟ್ಟಿದ್ದೆ. ಸಪ್ಪೆ ಆಗಿದ್ದು ಅದಕ್ಕೆ. ಹೌಹಾರಿಕೇಲಿ ಏನೂ ಇಲ್ಲ. ತಪ್ಪು ನಂದು, ಬೇಕಾದ್ರೆ ಬಿರುದು ವಾಪಸ್ ತಗೊಳ್ಳಿ.”

ಬಯೂಮಿ ಪೆನ್ನಿಗೆ ಮುಚ್ಚಳ ಹಾಕಿದರು. ನಂತರ ಹೇಳಿದರು, “ಉಪ್ಪು ನಮ್ಮ ನಿರ್ದೇಶನಾಲಯದ ವ್ಯಾಪ್ತಿಗೆ ಬರಲ್ಲ. ಗಣಿ ಇಲಾಖೆಗೆ ಸೇರಿದ್ದು.”

ಇಳಿಯುವಾಗ ನಗ್ಲಾ ಗೋಡೆ ಹಿಡಿದುಕೊಂಡಳು. ಬಾಯಿ ತೆರೆದರೆ ಇನ್ನೇನು ಕಳೆದುಕೊಳ್ಳಬೇಕಾಗುತ್ತದೋ ಎಂದು ತುಟಿ ಮುಚ್ಚಿಕೊಂಡೇ ಇಳಿದಳು. ಆ ತುಟಿಗಳಲ್ಲಿ ಬಣ್ಣವಿರಲಿಲ್ಲ.

ಇನ್ನು ಉಳಿದದ್ದು ದುಡ್ಡು ಕೊಟ್ಟು ಕೊಳ್ಳುವ ದಾರಿ. ಇನ್ಶಿರಾ ತನ್ನ ತಾಮ್ರದ ದೊಡ್ಡ ಪಾತ್ರೆಯನ್ನು ಮಾರಿ, ಕಾಲು ಕಿಲೋ ಮಾಂಸಕ್ಕಾದೀತೆಂದುಕೊಂಡು ಕಟುಕರ ಅಂಗಡಿಗೆ ಹೋದಳು. ಅಂಗಡಿಯ ಯಜಮಾನ ದಸೂಕಿ, ದಪ್ಪ ಮೀಸೆಯ ಮೆತ್ತನೆಯ ಮನುಷ್ಯ. ಕಸುಬಿನ ಹಿರಿಯನೆಂದು ಓಣಿಯವರಿಗೆಲ್ಲ ಮಾಲ್ಲಿಂ ದಸೂಕಿ.

“ಇವತ್ತು ಎಷ್ಟು ಮಾಲ್ಲಿಂ?”

ದಸೂಕಿ ನೆಲ ನೋಡುತ್ತಾ ಬೆಲೆ ಹೇಳಿದ. ಆ ಬೆಲೆಯನ್ನು ಇಲ್ಲಿ ನಮೂದಿಸುವಂತಿಲ್ಲ, ಪರವಾನಗಿಯಿಲ್ಲದೆ ಓದುಗರಿಗೆ ಪೋಷಣೆ ಕೊಟ್ಟಂತಾಗುತ್ತದೆ. ಇನ್ಶಿರಾ ಕೇಳಿದವಳೇ ಎದೆಯ ಮೇಲೆ ಕೈಯಿಟ್ಟು ಹೌಹಾರಿದಳು. ಕೊಕ್ಕೆಗೆ ತೂಗುಹಾಕಿದ್ದ ತೊಡೆ ಅಲ್ಲಾಡಿತು.

ದುರದೃಷ್ಟಕ್ಕೆ ಬಯೂಮಿ ಅಲ್ಲೇ ಇದ್ದರು. ಪರಿವೀಕ್ಷಣೆಯ ನಿಮಿತ್ತ ಎರಡು ಕಿಲೋ ಕಟ್ಟಿಸಿಕೊಳ್ಳುತ್ತಿದ್ದರು.

“ಸೊಪ್ಪಿಲ್ಲ, ಬೆಳ್ಳುಳ್ಳಿ ಇಲ್ಲ, ಗ್ಯಾಸ್ ಇಲ್ಲ,” ಎಂದು ಅವರು ಮೆಲ್ಲಗೆ ಹೇಳಿಕೊಂಡರು. “ಪೂರ್ಣ ದರ್ಜೆ! ಉಮ್ ನಗ್ಲಾ, ಮನೆಗೆ ಹೋಗು. ನಿನ್ನ ಊಟ ಆಯ್ತು.”

ಆ ವಾರವೇ ಕಟುಕರ ಅಂಗಡಿಗಳನ್ನೆಲ್ಲ ‘ಅಧಿಕೃತ ಪೋಷಣಾ ಕೇಂದ್ರ’ಗಳೆಂದು ಘೋಷಿಸಿ ಹಸಿರು ಫಲಕ ಹಾಕಲಾಯಿತು. ನಾಗರಿಕರು ಸಾಲಿನಲ್ಲಿ ಬಂದು, ಬೆಲೆ ಕೇಳಿ, ಹೌಹಾರಿ, ಏನನ್ನೂ ಮುಟ್ಟದೆ ಹಿಂದಿರುಗತಕ್ಕದ್ದು. ಹೆಂಗಸರಿಗೆ ಪ್ರತ್ಯೇಕ ಸಾಲು. ವೃದ್ಧರಿಗೆ ಬೆಲೆಯನ್ನು ಕಿವಿಯಲ್ಲಿ, ಮೆತ್ತಗೆ, ಕಂತುಗಳಲ್ಲಿ ಹೇಳುವ ವ್ಯವಸ್ಥೆ ಇತ್ತು. ಬೆಳಗಿನ ಹೊತ್ತು ಓಣಿಯ ತುಂಬ ‘ಹ್ಹಾ, ಹ್ಹಾ’ ಸದ್ದು ಕೇಳಿ ಪಾರಿವಾಳಗಳು ಹಾರಿಹೋಗುತ್ತಿದ್ದವು.

ಆದರೆ ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುತ್ತಾನೆ. ಕೆಲವೇ ದಿನಗಳಲ್ಲಿ ಜನ ಬೆಲೆ ಕೇಳಿ “ಓಹೋ” ಎನ್ನತೊಡಗಿದರು. ಕೆಲವರು ಅದನ್ನೂ ಅನ್ನಲಿಲ್ಲ. ಪ್ರಾಂತದಲ್ಲಿ ಅಪೌಷ್ಟಿಕತೆ ಹರಡುತ್ತಿದೆಯೆಂದು ನಿರ್ದೇಶಕರು ಚಿಂತಿತರಾದರು. ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಬೆಲೆಯನ್ನು ಪ್ರತಿ ಶನಿವಾರ ಏರಿಸುವಂತೆ ದಸೂಕಿಗೆ ಸೂಚನೆ ಹೋಯಿತು.

“ಇನ್ನೂ ಏರಿಸಿದ್ರೆ ಯಾರು ತಗೋತಾರೆ ಉಸ್ತಾಜ್?” ಎಂದು ಅವನು ಅಂಗಲಾಚಿದ.

“ತಗೊಳ್ಳಿ ಅಂತ ಯಾರು ಹೇಳಿದ್ರು ಮಾಲ್ಲಿಂ? ನೀನೀಗ ವ್ಯಾಪಾರಿಯಲ್ಲ. ಆರೋಗ್ಯ ಸಿಬ್ಬಂದಿ.”

ನಗ್ಲಾಳ ದಿನಗಳು ಹತ್ತಿರವಾದವು. ಕ್ಲಿನಿಕ್ಕಿನ ಡಾಕ್ಟರು ಮತ್ತೆ ರೆಪ್ಪೆ ಎಳೆದು ನೋಡಿ, ಈ ಸಲ ಹೊಸ ಸುತ್ತೋಲೆಯ ಪ್ರಕಾರ, “ದಿನಕ್ಕೆರಡು ಸಲ ಕಟುಕರ ಅಂಗಡಿಗೆ ಕರ್ಕೊಂಡು ಹೋಗಿ. ಊಟ ಆದ್ಮೇಲೆ,” ಎಂದರು.

ಅಂದು ಇನ್ಶಿರಾ ಒಬ್ಬಳೇ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ದಸೂಕಿ ಬೆಲೆ ಹೇಳಲಿಲ್ಲ. ಆಚೀಚೆ ನೋಡಿ, ಕಟ್ಟೆಯ ಕೆಳಗಿನಿಂದ ಕಾಗದದ ಪೊಟ್ಟಣವೊಂದನ್ನು ಅವಳ ಚೀಲಕ್ಕೆ ತುರುಕಿದ.

“ಲಿವರ್. ನಗ್ಲಾಗೆ. ಬೇಗ ಹೋಗು.”

“ಎಷ್ಟು ಮಾಲ್ಲಿಂ?”

“ಏನೂ ಬೇಡ. ನನ್ನ ತಂಗಿ ಇದ್ದ ಹಾಗೆ ನೀನು. ಹೋಗು ಅಂದ್ನಲ್ಲ.”

ಏನೂ ಬೇಡ! ಇನ್ಶಿರಾ ತಡೆದುಕೊಳ್ಳಲು ನೋಡಿದಳು. ತುಟಿ ಕಚ್ಚಿದಳು, ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಆದರೂ ಅವಳ ಕೈ ತಾನಾಗಿ ಎದೆಗೆ ಹೋಯಿತು. ಆ ಹೌಹಾರಿಕೆಯನ್ನು ಸೇತುವೆಯಾಚೆಯ ಮೀನಿನ ಸಂತೆಯಲ್ಲೂ ಕೇಳಿದವರಿದ್ದಾರೆ. ಸಾಲಿನಲ್ಲಿದ್ದವರೆಲ್ಲ, ಇವಳಿಗೆ ಯಾವ ಬೆಲೆ ಹೇಳಿದರೋ ನಮಗೂ ಅದನ್ನೇ ಹೇಳಿ ಎಂದು ಕೂಗಿದರು. ಬಯೂಮಿ ಓಡಿಬಂದರು.

ಪೊಟ್ಟಣ ಹೊರಬಿತ್ತು. ಬಯೂಮಿ ಅದನ್ನು ಮೂಸಿದರು, ಒತ್ತಿದರು, ತಲೆ ಅಲ್ಲಾಡಿಸಿದರು.

“ಉಮ್ ನಗ್ಲಾ, ಇಂಥಾ ಹೌಹಾರಿಕೆಯ ಮೇಲೆ ಲಿವರ್ ಬೇರೆ ತಿನ್ನಿಸಿದ್ರೆ ಬಸುರಿಗೆ ತಡೆಯುತ್ತಾ? ಅತಿಪೋಷಣೆ ಆಗುತ್ತೆ. ನಿನ್ನ ಮಗಳ ಜೀವದ ಪ್ರಶ್ನೆ.”

“ಅದಕ್ಕೇ ಕೇಳ್ತಿದ್ದೀನಿ ಉಸ್ತಾಜ್. ನನ್ನ ಮಗಳ ಜೀವದ ಪ್ರಶ್ನೆ. ಕೊಟ್ಟುಬಿಡಿ.”

“ಅಳಬೇಡಮ್ಮ. ಪರೀಕ್ಷೆಗೆ ತಗೊಂಡು ಹೋಗ್ತೀನಿ.” ಅವರು ಪೊಟ್ಟಣವನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, ದನಿ ತಗ್ಗಿಸಿ ಕೇಳಿದರು, “ಅಂದ ಹಾಗೆ, ಇದಕ್ಕೆ ಈರುಳ್ಳಿ ಮೊದಲು ಹಾಕೋದಾ, ಆಮೇಲಾ?”

“ಆಮೇಲೆ,” ಎಂದಳು ಇನ್ಶಿರಾ. ಅಡುಗೆಯ ವಿಷಯದಲ್ಲಿ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಹೆರಿಗೆ ಕಷ್ಟವೇ ಆಯಿತು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ನಗ್ಲಾ ಉಳಿದುಕೊಂಡಳು, ಉಳಿದಿದ್ದಾಳೆ ಎಂಬುದನ್ನು ನಂಬಲು ಇನ್ಶಿರಾ ಅವಳ ಮೂಗಿನ ಬಳಿ ಆಗಾಗ ಬೆರಳಿಟ್ಟು ನೋಡಬೇಕಾಯಿತು. ಹೆಣ್ಣು ಮಗು. ಅಂಗೈಯಗಲ. ಹುಟ್ಟಿದ ಮೇಲೆ ಸುಮ್ಮನೇ ಇತ್ತು. ಸೂಲಗಿತ್ತಿ ಬೆನ್ನು ತಟ್ಟಿದಳು, ಕಾಲು ಹಿಡಿದು ತಲೆಕೆಳಗು ಮಾಡಿದಳು. ಕೊನೆಗೆ ಮಗು ಕಣ್ಣು ಅಗಲಿಸಿ ‘ಹ್ಹಾ!’ ಎಂದು ಉಸಿರೆಳೆದುಕೊಂಡಿತು. ಆಮೇಲೆ ಅತ್ತಿತು.

“ಹೌಹಾರಿತು! ಹುಟ್ಟುತ್ತಲೇ ತನ್ನ ಊಟ ತಾನೇ ಮಾಡ್ಕೊಂಡಿತು!” ಎಂದು ಬಾಗಿಲಲ್ಲಿದ್ದ ತಹಿಯ್ಯಾ ಇಡೀ ಓಣಿಗೆ ಸಾರಿದಳು. ಸುದ್ದಿ ಮೂರನೆಯ ಮಹಡಿಗೂ ಹತ್ತಿತು.

ಏಳನೆಯ ದಿನದ ಶಾಸ್ತ್ರಕ್ಕೆ ಓಣಿಯೆಲ್ಲ ಸೇರಿತು. ಮಗುವನ್ನು ಜರಡಿಯಲ್ಲಿ ಮಲಗಿಸಿ ತೂಗಿದರು. ಸೂಲಗಿತ್ತಿ ಅದರ ಕಿವಿಯ ಪಕ್ಕ ಹಿತ್ತಾಳೆಯ ಕುಟ್ಟಾಣಿ ಕುಟ್ಟುತ್ತಾ, “ಅಮ್ಮನ ಮಾತು ಕೇಳು, ಅಜ್ಜಿಯ ಮಾತು ಕೇಳಬೇಡ,” ಎಂದು ಬುದ್ಧಿ ಹೇಳಿದಳು. ದಸೂಕಿ ಬರಿಗೈಯಲ್ಲಿ ಬಂದು ಮೂಲೆಯಲ್ಲಿ ಕೂತ. ಬಯೂಮಿ ಮಾತ್ರ ಬರಿಗೈಯಲ್ಲಿ ಬರಲಿಲ್ಲ. ಒಂದು ಲಕೋಟೆ ತಂದಿದ್ದರು. ಎದ್ದು ನಿಂತು ಓದಿದರು.

“ಸದರಿ ಮನೆಯಲ್ಲಿ ಪೂರ್ಣ ದರ್ಜೆಯಲ್ಲಿ ಹೌಹಾರುವವರು ಅಜ್ಜಿ, ಮಗಳು, ಮೊಮ್ಮಗಳು ಸೇರಿ ಮೂವರಾಗಿರುವುದರಿಂದ, ಸದರಿ ಕುಟುಂಬವನ್ನು ಸ್ಥಿತಿವಂತ ವರ್ಗಕ್ಕೆ ಏರಿಸಲಾಗಿದೆ. ಅವರ ರೇಷನ್ ಕಾರ್ಡನ್ನು ಅಭಿನಂದನೆಗಳೊಂದಿಗೆ ರದ್ದುಪಡಿಸಲಾಗಿದೆ.”

ಎಲ್ಲರೂ ಇನ್ಶಿರಾಳ ಕಡೆ ತಿರುಗಿದರು. ಇಂಥ ಸುದ್ದಿಗೆ ಅವಳು ಹೇಗೆ ಹೌಹಾರುತ್ತಾಳೆಂದು ನೋಡುವ ಆಸೆ ಎಲ್ಲರಿಗೂ ಇತ್ತು. ತಹಿಯ್ಯಾ ಮುಂಜಾಗ್ರತೆಯಾಗಿ ಮಗುವಿನ ಕಿವಿ ಮುಚ್ಚಿದಳು. ಇನ್ಶಿರಾ ಹೌಹಾರಲಿಲ್ಲ. ಕಾರ್ಡನ್ನು ತಂದು ಬಯೂಮಿಯವರ ಕೈಗೆ ಕೊಟ್ಟಳು. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು. “ಕೂತ್ಕೊಳ್ಳಿ ಉಸ್ತಾಜ್, ಚಹಾ ಕುಡ್ಕೊಂಡು ಹೋಗಿ,” ಎಂದು ಅವಳು ಲೋಟ ತುಂಬಿಸಿದಳು.

ಬಯೂಮಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ಸಕ್ಕರೆ ಮರೆತಿದ್ದೀಯಮ್ಮ.”

“ಮರೆತಿಲ್ಲ ಉಸ್ತಾಜ್. ಸಕ್ಕರೆ ಕಾರ್ಡಿನದ್ದು. ಕಾರ್ಡು ನಿಮ್ಮ ಜೇಬಲ್ಲಿದೆ.” ಅವಳ ಮುಖದಲ್ಲಿ ಏನೂ ಇರಲಿಲ್ಲ. “ಒಂದ್ಸಲ ಹೌಹಾರಿ ಕುಡೀರಿ.”

ಹಾಸಿಗೆಯಲ್ಲಿದ್ದ ನಗ್ಲಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಕುಟ್ಟಾಣಿ ನಿಂತಿತು. ಬಯೂಮಿ ಸುತ್ತ ನೋಡಿದರು. ಓಣಿಯ ಓಣಿಯೇ ಅವರ ಬಾಯಿಯನ್ನು ನೋಡುತ್ತಿತ್ತು. ಬೇರೆ ದಾರಿ ಕಾಣದೆ ಅವರು ಎದೆಯ ಮೇಲೆ ಕೈಯಿಟ್ಟು, ಕಣ್ಣು ಅಗಲಿಸಿ, ಪೂರ್ಣ ದರ್ಜೆಯಲ್ಲಿ ಹೌಹಾರಿದರು. ಚಹಾ ಕುಡಿದರು. ಕೊನೆಯ ಹನಿಯವರೆಗೂ ಕುಡಿದರು.

“ಸಿಹಿಯಾಗಿದೆ,” ಎಂದರು. ಆಮೇಲೆ ಏನೋ ಹೊಳೆದವರಂತೆ ಪೆನ್ನು ತೆಗೆದು, ಲಕೋಟೆಯ ಹಿಂಬದಿಯಲ್ಲಿ ಸಕ್ಕರೆಯ ಬಗ್ಗೆ ಬರೆದುಕೊಳ್ಳತೊಡಗಿದರು.

ಇನ್ಶಿರಾ ಉಳಿದವರಿಗೂ ಚಹಾ ಬಗ್ಗಿಸುತ್ತಾ, ಒಂದೊಂದು ಲೋಟಕ್ಕೂ ಒಂದೊಂದು ಸಲ ಹೌಹಾರುತ್ತಾ ಸಾಲಾಗಿ ಬಂದಳು. ಯಾರೂ ಸಕ್ಕರೆ ಕೇಳಲಿಲ್ಲ. ದಸೂಕಿ ಇನ್ನೊಂದು ಲೋಟ ಹಾಕಿಸಿಕೊಂಡ. ತಹಿಯ್ಯಾಳ ಸರದಿ ಬಂದಾಗ ಅವಳು ಲೋಟದ ಮೇಲೆ ಅಂಗೈ ಅಡ್ಡ ಹಿಡಿದಳು.

“ನಂಗೆ ಸಕ್ಕರೆ ಕಾಯಿಲೆ,” ಎಂದಳು. “ಮೆಲ್ಲಗೆ ಹೌಹಾರು.”